ಹಳೇ ಲಾರಾ ಆರ್‌ಎಸ್ ತಗೊಂಡಿದ್ದೀರಾ? ಮೊದಲು ಟೆನ್ಷನರ್ ನೋಡಿ

ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಮನೆಗೆ ತಂದವರು ಮೊದಲ ವಾರದಲ್ಲೇ ಕೇಳುವುದು ಒಂದೇ ಪ್ರಶ್ನೆ, ರೀಮ್ಯಾಪ್ (ಪವರ್ ಜಾಸ್ತಿ ಬರುವ ಹಾಗೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವುದು) ಎಲ್ಲಿ ಮಾಡಿಸಬೇಕು ಅಂತ. ಈಗಲೇ ಬೇಡ. ಕಾರಿಗೆ ಕೊಟ್ಟ ದುಡ್ಡಿನ ಮೂರನೇ ಒಂದು ಭಾಗ ಬೇರೆ ಎತ್ತಿಡಿ. ಅದು ಪವರ್ ಜಾಸ್ತಿ ಮಾಡಿಸೋಕಲ್ಲ, ಕಂಪನಿಯಿಂದ ಬಂದಾಗ ಇದ್ದ ಪವರ್ ವಾಪಸ್ ತರೋಕೆ. ಅದಾದ ಮೇಲೆ ಮಿಕ್ಕ ಮಾತು. ಈ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಟೆನ್ಷನರ್, ಅಂದರೆ ಎಂಜಿನ್ ಒಳಗೆ ಪಿಸ್ಟನ್ ಮತ್ತು ವಾಲ್ವ್‌ಗಳ ಹೊಂದಾಣಿಕೆ ಕಾಯುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಭಾಗ.

ನನ್ನದು 2012ರ ಸ್ಕೋಡಾ ಲಾರಾ ಆರ್‌ಎಸ್. 1.8 ಲೀಟರ್ ಟಿಎಸ್‌ಐ ಎಂಜಿನ್, 160 ಪಿಎಸ್, 250 ಎನ್‌ಎಂ ಟಾರ್ಕ್, 6 ಸ್ಪೀಡ್ ಮ್ಯಾನ್ಯುಯಲ್. 2011ರಲ್ಲಿ ನಮ್ಮಲ್ಲಿ ಬಂತು, 2013ರಲ್ಲಿ ಹೊಸ ಆಕ್ಟೇವಿಯಾ ಬಂದ ಮೇಲೆ ಲಾರಾ ನಿಂತಿತು. ಬೆಂಗಳೂರಿನಲ್ಲಿ 4.6 ಲಕ್ಷಕ್ಕೆ ತಗೊಂಡೆ, ಮೀಟರ್‌ನಲ್ಲಿ 92 ಸಾವಿರ ಚಿಲ್ಲರೆ ಇತ್ತು. ಇರುವುದು ದಾವಣಗೆರೆಯಲ್ಲಿ, ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋಗಿಬರುತ್ತೇನೆ. ಇಲ್ಲಿ ಈ ಎಂಜಿನ್ ಬಿಚ್ಚಿ ಅಭ್ಯಾಸ ಇರುವವರು ಕಡಿಮೆ. ಆದರೆ ಒಳ್ಳೆ ಮೆಕ್ಯಾನಿಕ್ ಇದ್ದಾರೆ, ಲೇತ್ ಕೆಲಸದವರಿದ್ದಾರೆ, ರಾತ್ರಿ ಬಸ್ಸಿಗೆ ಹಾಕಿದ ಪಾರ್ಟ್ಸ್ ಬೆಳಗ್ಗೆ ಕೈಗೆ ಸಿಗುತ್ತದೆ. ಏನು ಮಾಡಬೇಕು ಅಂತ ನಮಗೆ ಗೊತ್ತಿದ್ದರೆ ಕೆಲಸ ಇಲ್ಲೇ ಆಗುತ್ತದೆ. ಆದದ್ದನ್ನು ಆದ ಹಾಗೇ ಬರೆದಿದ್ದೇನೆ.

ಹಂತ 1: ಕಾಗದ ಪತ್ರ

ಫಾರ್ಮ್ 29, ಫಾರ್ಮ್ 30ಕ್ಕೆ ಮಾರಿದವರ ಸಹಿ ದುಡ್ಡು ಕೊಡುವ ದಿನವೇ ಹಾಕಿಸಿಕೊಳ್ಳಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಸಾಲ ತೀರಿದ ಪತ್ರ ಕೇಳಿ. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಬೇಕು, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಕಡಿಮೆ ರೇಟಿಗೆ ಸಿಕ್ಕಿತು ಅನ್ನುವ ಖುಷಿ ಅಲ್ಲಿಗೇ ಮುಗಿಯುತ್ತದೆ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನ ಇರುತ್ತದೆ. ನೋ ಕ್ಲೇಮ್ ಬೋನಸ್ ಮಾರಿದವರಿಗೆ ಸೇರಿದ್ದು, ಕಾರಿನ ಜೊತೆ ಬರಲ್ಲ. ಇನ್ನೊಂದು ವಿಷಯ, ಆರ್‌ಸಿ 15 ವರ್ಷಕ್ಕೆ. 2012ರ ಗಾಡಿಗೆ 2027ರಲ್ಲಿ ಎಫ್‌ಸಿ ಮಾಡಿಸಿ ರಿನ್ಯೂ ಮಾಡಿಸಬೇಕು. ರೇಟು ಮಾತಾಡುವಾಗ ಇದನ್ನೂ ಬಾಯಿಬಿಟ್ಟು ಹೇಳಿ, ಸ್ವಲ್ಪ ಇಳಿಯುತ್ತದೆ.

ಹಂತ 2: ತಣ್ಣಗಿರುವಾಗ ಕೇಳಿಸಿಕೊಳ್ಳುವುದು

ಕಾರು ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಾಳೆ ಬೆಳಗ್ಗೆ ಬರ್ತೀನಿ ಅಂತ ಹೇಳಿ ವಾಪಸ್ ಬನ್ನಿ. ಈ ಎಂಜಿನ್ನಿನ ಬಂಡವಾಳ ಗೊತ್ತಾಗುವುದು ರಾತ್ರಿಯಿಡೀ ನಿಂತು ಬೆಳಗ್ಗೆ ಸ್ಟಾರ್ಟ್ ಆಗುವ ಮೊದಲ ಎರಡು ಸೆಕೆಂಡಿನಲ್ಲಿ. ಬಲಗಡೆ, ಅಂದರೆ ನಮ್ಮ ಡ್ರೈವರ್ ಕಡೆ, ಬೆಲ್ಟ್ ಇರುವ ಜಾಗದಿಂದ ಡಬ್ಬಿಯೊಳಗೆ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಅಂದು ನಿಂತರೆ ಟೈಮಿಂಗ್ ಚೈನ್ ಸಡಿಲ ಇದೆ ಅಂತ ಅನುಮಾನ ಪಡಬೇಕು.

ನನ್ನ ಕಾರಿನಲ್ಲಿ ಬಹಳ ಸಣ್ಣಗೆ, ಒಂದೇ ಸೆಕೆಂಡು ಬರುತ್ತಿತ್ತು. ಇಲ್ಲಿ ಮೊದಲು ತೋರಿಸಿದ ಗ್ಯಾರೇಜಿನಲ್ಲಿ "ಟ್ಯಾಪೆಟ್ ಸೌಂಡು ಸಾರ್, ಏನಾಗಲ್ಲ, ಓಡ್ಸಿ" ಅಂದರು. ಇದರಲ್ಲಿ ಇರುವುದು ಹೈಡ್ರಾಲಿಕ್ ಟ್ಯಾಪೆಟ್, ಗೇಜ್ ಹಾಕಿ ಅಡ್ಜಸ್ಟ್ ಮಾಡುವಂಥದ್ದು ಏನೂ ಇಲ್ಲ. ಹಾಗೆ ಹೇಳಿದವರ ಕೈಗೆ ಈ ಎಂಜಿನ್ ಕೊಡಬೇಡಿ.

ಇನ್ನು ಸ್ಕ್ಯಾನ್. ಮೊಬೈಲ್‌ಗೆ ಜೋಡಿಸುವ 600 ರೂಪಾಯಿಯ ಸ್ಕ್ಯಾನರ್ ಎಂಜಿನ್ ಕೋಡ್ ಓದುತ್ತದೆ, ಅಷ್ಟೇ. ಆದರೂ ಅದರಲ್ಲಿ ಒಂದು ಉಪಯೋಗ ಇದೆ. ರೆಡಿನೆಸ್ ಅಂತ ಒಂದು ಪುಟ ಇರುತ್ತದೆ, ಅಲ್ಲಿ ಟೆಸ್ಟ್‌ಗಳು ಪೂರ್ತಿ ಆಗಿಲ್ಲ ಅಂತ ತೋರಿಸಿದರೆ ಹತ್ತಿರದಲ್ಲೇ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಅಂತ ಅರ್ಥ. ಚೈನ್ ವಿಷಯ ನೋಡಲು ವಿಸಿಡಿಎಸ್ ಕೇಬಲ್ (ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ನೋಡುವ ಸ್ಕ್ಯಾನರ್) ಬೇಕು, ಚಿತ್ರದುರ್ಗದ ಸ್ನೇಹಿತರ ಹತ್ತಿರ ಇತ್ತು. ಅದರಲ್ಲಿ ಎಂಜಿನ್‌ಗೆ ಹೋಗಿ 93ನೇ ಮೆಷರಿಂಗ್ ಬ್ಲಾಕ್ ತೆಗೆದರೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎಷ್ಟು ಡಿಗ್ರಿ ಆಚೀಚೆ ಇದೆ ಅಂತ ಬರುತ್ತದೆ. ಸೊನ್ನೆ ಹತ್ತಿರ ಇದ್ದರೆ ನೆಮ್ಮದಿ. ಮೈನಸ್ 4 ದಾಟಿದರೆ ಚೈನ್ ಹಿಗ್ಗಿದೆ ಅನ್ನುವುದು ಈ ಎಂಜಿನ್ ಬಲ್ಲವರ ಲೆಕ್ಕ. ನನ್ನದು ಮೈನಸ್ 3ರ ಆಸುಪಾಸು ತೋರಿಸಿತು. ಜೊತೆಗೆ ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಹಂತ 3: ಕಣ್ಣಾರೆ ನೋಡುವುದು

ಟೆನ್ಷನರ್ ಹೊಸ ಮಾದರಿಯದಾ ಹಳೇದಾ ಅಂತ ಇಸವಿ ನೋಡಿ ಹೇಳಲು ಆಗಲ್ಲ. ಬದಲಾವಣೆ ಆದದ್ದು ಹೆಚ್ಚುಕಡಿಮೆ 2012ರ ಸುಮಾರಿಗೇ. ಹಾಗಾಗಿ ನೋಡಲೇಬೇಕು. ನೋಡಲು ದಾರಿಯೂ ಇದೆ. ಬಲಗಡೆ ಮುಂದಿನ ಚಕ್ರ ಬಿಚ್ಚಿ (17ರ ಸಾಕೆಟ್), ಒಳಗಿನ ಪ್ಲಾಸ್ಟಿಕ್ ಲೈನರ್‌ನ ಟಿ25 ಸ್ಕ್ರೂಗಳನ್ನು ತೆಗೆದರೆ ಕ್ರ್ಯಾಂಕ್ ಪುಲ್ಲಿ ಪಕ್ಕದಲ್ಲಿ ಟೈಮಿಂಗ್ ಕವರ್ ಕಾಣುತ್ತದೆ. ಅದರಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ ಇದೆ. ಅದನ್ನು ಕಿತ್ತರೆ ಟೆನ್ಷನರ್ ಕಾಣುವ ಕಿಂಡಿ. ಕಾರನ್ನು ಸಿಮೆಂಟ್ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಬರೀ ಜಾಕ್ ನಂಬಿ ತಲೆ ಹಾಕಬೇಡಿ.

ಮೊಬೈಲ್‌ಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ 1,100 ರೂಪಾಯಿಗೆ ತರಿಸಿದ್ದೆ. ಸರಿಯಾಗಿ ಕಾಣಲಿಲ್ಲ. ಒಳಗೆ ಆಯಿಲ್ ಇರುವುದರಿಂದ ಕ್ಯಾಮೆರಾದ ಲೈಟು ಅದಕ್ಕೇ ಬಡಿದು ಪೂರ್ತಿ ಬೆಳ್ಳಗೆ ಬಂತು. ಕೊನೆಗೆ ಕ್ಯಾಮೆರಾದ ಲೈಟ್ ಆಫ್ ಮಾಡಿ, ಹೊರಗಿನಿಂದ ಪೆನ್ ಟಾರ್ಚ್ ಓರೆಯಾಗಿ ಹಿಡಿದು, ಹಲ್ಲಿನ ಡಾಕ್ಟರ್ ಬಳಸುವಂಥ ಸಣ್ಣ ಕನ್ನಡಿ ಒಳಗಿಟ್ಟು ನೋಡಿದಾಗ ಸ್ಪಷ್ಟವಾಯಿತು. ಹಳೇ ಮಾದರಿ.

ಹಳೇದು ಇದ್ದರೆ ಏನಾಗುತ್ತದೆ ಅಂದರೆ, ಈ ಟೆನ್ಷನರ್ ಎಂಜಿನ್ ಓಡುವಾಗ ಆಯಿಲ್ ಪ್ರೆಶರಿನಿಂದ ಚೈನ್ ಬಿಗಿ ಹಿಡಿಯುತ್ತದೆ. ಆಫ್ ಮಾಡಿದ ಮೇಲೆ ಪ್ರೆಶರ್ ಇಲ್ಲ, ಒಳಗಿನ ಲಾಕ್ ಹಿಡಿದುಕೊಂಡಿರಬೇಕು. ಹಳೇ ಮಾದರಿಯಲ್ಲಿ ಆ ಲಾಕ್ ಸವೆದು ಅಥವಾ ಮುರಿದು ಕೈಕೊಡುತ್ತದೆ. ಮುಂದಿನ ಸಲ ಸೆಲ್ಫ್ ಹೊಡೆದಾಗ ಚೈನ್ ಹಲ್ಲು ಹಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬೆಂಡ್ ಆಗುತ್ತವೆ. ಹೆಡ್ ಕೆಲಸ ಅಂದರೆ ಕಾರಿನ ಬೆಲೆಯ ಅರ್ಧ ಹೋಯಿತು ಅಂತಲೇ. ವಾರ್ನಿಂಗ್ ಲೈಟ್ ಬಂದ ಮೇಲೆ ನೋಡೋಣ ಅಂತ ಕಾಯುವ ಕೆಲಸವಲ್ಲ ಇದು, ಲೈಟ್ ಬರದೆಯೂ ಆಗುತ್ತದೆ.

ಅವತ್ತಿನಿಂದ ಕಾರು ಸ್ಟಾರ್ಟ್ ಮಾಡಲಿಲ್ಲ. ಗ್ಯಾರೇಜಿಗೆ ಟೋಯಿಂಗ್ ಗಾಡಿಯ ಮೇಲೆ ಹೋಯಿತು, 1,500 ರೂಪಾಯಿ. ನಿಮ್ಮದೂ ಹಳೇ ಮಾದರಿಯಾಗಿದ್ದು ತಕ್ಷಣ ಮಾಡಿಸಲು ಆಗದಿದ್ದರೆ, ಇಳಿಜಾರಿನಲ್ಲಿ ಬರೀ ಗೇರ್ ಹಾಕಿ ನಿಲ್ಲಿಸಬೇಡಿ. ಕಾರಿನ ಭಾರಕ್ಕೆ ಎಂಜಿನ್ ಒಂಚೂರು ಹಿಂದಕ್ಕೆ ತಿರುಗಿದರೂ ಚೈನ್ ಸಡಿಲವಾಗುತ್ತದೆ. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಹಂತ 4: ಚೈನ್ ಕೆಲಸ

ಕೆಲಸ ಮಾಡಿದ್ದು ಪಿ.ಬಿ. ರೋಡ್ ಕಡೆ ಸಣ್ಣ ಶೆಡ್ ಇಟ್ಟುಕೊಂಡಿರುವ ಒಬ್ಬ ಭಾಯ್. ಈ ಎಂಜಿನ್ ಹಿಂದೆ ಬಿಚ್ಚಿರಲಿಲ್ಲ, ಅದನ್ನು ಮೊದಲೇ ಹೇಳಿದರು. "ಟೂಲ್ ನೀವು ತರ್ಸಿ, ಬುಕ್ಕಲ್ಲಿರೋದು ಓದಿ ಹೇಳ್ತಾ ಹೋಗಿ, ನಾನು ಮಾಡ್ತೀನಿ" ಅಂದರು. ಎಲ್ಲ ಗೊತ್ತು ಅನ್ನುವವರಿಗಿಂತ ಇಂಥವರು ಸಾವಿರ ಪಾಲು ವಾಸಿ.

ಪಾರ್ಟ್ಸ್ ಪಟ್ಟಿ: ಟೈಮಿಂಗ್ ಚೈನ್, ಅದರ ಗೈಡ್‌ಗಳು, ಟೆನ್ಷನರ್, ಬ್ಯಾಲೆನ್ಸ್ ಶಾಫ್ಟ್ ಚೈನ್ ಮತ್ತು ಅದರ ಟೆನ್ಷನರ್, ಕೆಳಗಿನ ಕವರ್, ಅದರ ಬೋಲ್ಟ್‌ಗಳು, ಕ್ರ್ಯಾಂಕ್ ಆಯಿಲ್ ಸೀಲ್, ಪುಲ್ಲಿ ಬೋಲ್ಟ್, ಸೀಲೆಂಟ್. ಎಲ್ಲ ಸೇರಿ 41 ಸಾವಿರ. ಪುಲ್ಲಿ ಬೋಲ್ಟ್, ಕವರ್ ಬೋಲ್ಟ್ ಒಂದು ಸಲ ಹಿಗ್ಗಿದರೆ ಮತ್ತೆ ಬಳಸುವ ಹಾಗಿಲ್ಲ. ಅಲ್ಲಿ ಉಳಿತಾಯ ನೋಡಬೇಡಿ.

ಬಸ್ಸಿಗೆ ಹಾಕಿ ಕಳಿಸಿದ ಮೊದಲ ಡಬ್ಬಿಯಲ್ಲಿ ಬಂದದ್ದು ಹಳೇ ಸ್ಟಾಕ್. ನಾವು ಕಿತ್ತು ಹಾಕಲು ಹೊರಟಿದ್ದ ಅದೇ ಮಾದರಿ, ಹೊಸ ಪ್ಯಾಕಿಂಗ್‌ನಲ್ಲಿ! ವಾಪಸ್ ಕಳಿಸಿದೆವು. ಹಾಕಿಸಿದ್ದು 06ಕೆ109467ಕೆ ನಂಬರಿನದು. ಕೊನೆಯ ಅಕ್ಷರದವರೆಗೂ ಓದಿ, ಡಬ್ಬಿಯ ಮೇಲೆ ಇರುವುದಲ್ಲ, ಪಾರ್ಟ್ ಮೇಲೆ ಕೊರೆದಿರುವುದು.

ಟೂಲ್‌ನಲ್ಲಿ ಕ್ಯಾಮ್ ಲಾಕ್ ಸೆಟ್ ಬಾಡಿಗೆಗೆ ಸಿಕ್ಕಿತು. ಅದರಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಿಡಿಯುವ ಬುಷ್ ಇರಲಿಲ್ಲ. ಈ ಎಂಜಿನ್ನಿನಲ್ಲಿ ಪುಲ್ಲಿ ಬೋಲ್ಟ್‌ನ ಬಿಗಿಯೇ ಸ್ಪ್ರಾಕೆಟ್ ಹಿಡಿದುಕೊಂಡಿರುವುದು. ಬೋಲ್ಟ್ ಬಿಚ್ಚಿದ ಮೇಲೆ ಅದು ಜಾಗ ಬಿಟ್ಟು ಸರಿಯಬಹುದು. ಹರಿಹರದಲ್ಲಿ ಒಬ್ಬರು ಹಿರಿಯ ಟರ್ನರ್ ಇದ್ದಾರೆ, ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರಲ್ಲವೇ ಅದು, ಅಲ್ಲಿ ಆ ಕೈಚಳಕ ಇನ್ನೂ ಇದೆ. ಹಳೇ ಪುಲ್ಲಿ ಅವರ ಕೈಗೆ ಕೊಟ್ಟೆವು. ವರ್ನಿಯರ್ ಹಿಡಿದು ಎರಡೆರಡು ಸಲ ಅಳೆದರು, ಚೀಟಿಯ ಮೇಲೆ ಮೂರು ನಂಬರ್ ಬರೆದುಕೊಂಡರು, ಸಂಜೆ ಹೊತ್ತಿಗೆ ಬುಷ್ ರೆಡಿ. 450 ರೂಪಾಯಿ. ಕೈಯಲ್ಲಿ ಒತ್ತಿದರೆ ಅಲುಗಾಡದೆ ಹೋಗಿ ಕೂತಿತು.

ಬಿಚ್ಚುವುದು: ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಜಾಕ್ ಹಚ್ಚಿ ಬಲಗಡೆ ಮೌಂಟಿಂಗ್ ತೆಗೆಯಬೇಕು. ಬೆಲ್ಟ್ ಮತ್ತು ಅದರ ಟೆನ್ಷನರ್ ಹೊರಗೆ. ಮೇಲಿನ ಕವರ್ ತೆಗೆದರೆ ಇನ್‌ಟೇಕ್ ಕ್ಯಾಮ್ ತುದಿಯಲ್ಲಿ ಒಂದು ವಾಲ್ವ್ ಕಾಣುತ್ತದೆ, ಅದು ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಎಡಕ್ಕೆ ಬಲ ಹಾಕಿ ಮುರಿದುಕೊಂಡವರು ಬೇಕಾದಷ್ಟು ಜನ. ಅದರ ಹಿಂದಿನ ಬ್ರಿಡ್ಜ್ ತೆಗೆದಾಗ ಒಳಗಿರುವ ಸಣ್ಣ ಜಾಲರಿ ಪೂರ್ತಿ ಇದೆಯಾ ನೋಡಿ. ನಮ್ಮದರಲ್ಲಿ ಇತ್ತು.

ಹಳೇ ಚೈನ್, ಹೊಸ ಚೈನ್ ಎರಡನ್ನೂ ಗೋಡೆಯ ಒಂದೇ ಮೊಳೆಗೆ ನೇತುಹಾಕಿದೆವು. ಮೇಲಿನ ಕೊಂಡಿ ಸಮ, ಕೆಳಗೆ ಬಂದಾಗ ಹಳೇದು ಮೂರು ಮಿಲಿಮೀಟರ್ ಕೆಳಗಿತ್ತು. ಗೈಡ್‌ನ ಪ್ಲಾಸ್ಟಿಕ್ ಮೇಲೆ ಉಗುರು ಎಳೆದರೆ ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಎರಡು ಗೆರೆ. ಮೈನಸ್ 3 ಅಂದರೆ ಇದು.

ಹೊಸ ಚೈನಿನಲ್ಲಿ ಮೂರು ಬಣ್ಣದ ಕೊಂಡಿ ಇರುತ್ತವೆ. ಎರಡು ಕ್ಯಾಮ್ ಗುರುತಿಗೆ, ಒಂದು ಕ್ರ್ಯಾಂಕ್ ಗುರುತಿಗೆ. ಅವನ್ನು ಕೂರಿಸಿ, ಟೆನ್ಷನರ್ ಪಿನ್ ತೆಗೆದು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿದೆವು. ಬಣ್ಣದ ಕೊಂಡಿಗಳು ಗುರುತಿಗೆ ವಾಪಸ್ ಬರಲಿಲ್ಲ. ಭಾಯ್ ಮುಖ ಸಣ್ಣದಾಯಿತು, ಮತ್ತೆ ಬಿಚ್ಚಿ ಮತ್ತೆ ಹಾಕಿ, ಮತ್ತೆ ಅದೇ. ಅರ್ಧ ದಿನ ಹೋಯಿತು. ವಿಷಯ ಏನು ಅಂದರೆ, ಆ ಕೊಂಡಿಗಳು ಎರಡು ಸುತ್ತಿಗೆ ವಾಪಸ್ ಬರುವುದೇ ಇಲ್ಲ, ಬಹಳ ಸುತ್ತು ಬೇಕು. ತಿರುಗಿಸಿದ ಮೇಲೆ ನೋಡಬೇಕಾದದ್ದು ಸ್ಪ್ರಾಕೆಟ್ ಮೇಲಿನ ಗುರುತು ಮತ್ತು ಪುಲ್ಲಿ ಗುರುತು. ಅವು ಸರಿಯಾಗಿದ್ದವು. ಪುಲ್ಲಿ ಬೋಲ್ಟ್ 150 ಎನ್‌ಎಂ, ಆಮೇಲೆ 90 ಡಿಗ್ರಿ.

ಸ್ಟಾರ್ಟ್ ಮಾಡುವ ಮೊದಲು ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ತಂದುಕೊಂಡೆವು. ಆಮೇಲೆ ಫ್ಯೂಸ್ ಹಾಕಿ ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್, ಗಲಗಲ ಇಲ್ಲ. 93ನೇ ಬ್ಲಾಕ್ ಸೊನ್ನೆಯ ಹತ್ತಿರ.

ಆದರೆ ಮಾರನೇ ದಿನ ಕೆಳಗಿನ ಕವರ್ ಅಂಚಿನಲ್ಲಿ ಆಯಿಲ್ ಹನಿ. ಬ್ಲಾಕಿನ ಮೇಲೆ ಹಳೇ ಸೀಲೆಂಟ್ ಒಂದು ಮೂಲೆಯಲ್ಲಿ ಉಳಿದಿತ್ತು, ಅದರ ಮೇಲೇ ಹೊಸದು ಬಿದ್ದಿತ್ತು. ಮತ್ತೆ ಕವರ್ ತೆಗೆದು, ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಪೂರ್ತಿ ಕೆರೆದು, ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ, ಹೊಸ ಬೋಲ್ಟ್ ತರಿಸಿ ಹಾಕಿದ್ದು. 2,800 ಹೆಚ್ಚುವರಿ. ಈ ಸಲ ಒಂದು ರಾತ್ರಿ ಹಾಗೇ ಬಿಟ್ಟು ಆಮೇಲೆ ಆಯಿಲ್ ತುಂಬಿದೆವು. ಮಜೂರಿ 16 ಸಾವಿರ ಕೇಳಿದರು, ಒಂದು ಮಾತೂ ಆಡದೆ ಕೊಟ್ಟೆ. ಅಷ್ಟು ಶ್ರಮದ ಕೆಲಸ ಅದು.

ಹಂತ 5: ಮಿಸ್‌ಫೈರ್, ಮಸಿ, ವಾಟರ್ ಪಂಪ್

ಪಿ0302 ಹಾಗೇ ಇತ್ತು. ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವ ಭಾಗ) ಮೂರಕ್ಕೆ ಹಾಕಿದೆವು, ಕೋಡ್ ಎರಡರಲ್ಲೇ ಉಳಿಯಿತು. ಅಂದರೆ ಕಾಯಿಲ್ ಅಲ್ಲ. ಬಿಟ್ಟಿಯಾಗಿ ಆಗುವ ಈ ಟೆಸ್ಟ್ ಮಾಡದೆ ನಾಲ್ಕೂ ಕಾಯಿಲ್ ಬದಲಾಯಿಸಿ ಹತ್ತು ಸಾವಿರ ಬಿಲ್ ಮಾಡುವುದು ಎಲ್ಲ ಊರಲ್ಲೂ ನಡೆಯುತ್ತದೆ. ಪ್ಲಗ್ ಹೊಸದು ಹಾಕಿದೆವು, 30 ಎನ್‌ಎಂ, 3,400 ರೂಪಾಯಿ. ಬಿಸಿಯಾದಾಗ ಸರಿ, ಬೆಳಗ್ಗೆ ತಣ್ಣಗಿರುವಾಗ ಮತ್ತೆ ನಡುಕ. ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕ್ಲೀನರ್ ಬಾಟಲಿಯನ್ನೂ ಹಾಕಿ ನೋಡಿದ್ದಾಯಿತು. ಅದರಿಂದ ಈ ತೊಂದರೆ ಹೋಗಲ್ಲ. ಈ ಎಂಜಿನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುತ್ತದೆ, ಇನ್‌ಟೇಕ್ ವಾಲ್ವ್ ಬೆನ್ನಿಗೆ ತಾಗುವುದೇ ಇಲ್ಲ. ತಾಗದೇ ಇರುವುದು ತೊಳೆಯುವುದು ಹೇಗೆ? ಆದರೆ ಆಯಿಲ್ ಹಬೆ ಮಾತ್ರ ಅಲ್ಲಿ ಕೂತು ಕೂತು ಮಸಿಯಾಗುತ್ತದೆ.

ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆಯಬೇಕು. ಅದಕ್ಕೆ ಮೊದಲು ಒಂದು ಎಚ್ಚರಿಕೆ: ಓಡುವಾಗ ಹೈ ಪ್ರೆಶರ್ ಫ್ಯೂಯಲ್ ಲೈನ್‌ನಲ್ಲಿ 100 ಬಾರ್‌ಗೂ ಮೇಲೆ ಒತ್ತಡ ಇರುತ್ತದೆ. ಫ್ಯೂಸ್ ತೆಗೆದು ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ತಣ್ಣಗಾಗಲು ಬಿಟ್ಟು, ಬಟ್ಟೆ ಸುತ್ತಿ ಸಡಿಲಿಸಿ. ಬೀಡಿ ಸಿಗರೇಟು ಶೆಡ್ಡಿನ ಹೊರಗೆ.

ತೆಗೆದು ನೋಡಿದರೆ ಎರಡನೇ ಸಿಲಿಂಡರಿನ ಎರಡು ವಾಲ್ವ್‌ಗಳ ಕಾಂಡ ಕಾಣುತ್ತಿರಲಿಲ್ಲ. ಕಪ್ಪು, ಒಣಗಿದ ಪದರ, ಮೇಲೆ ಗಂಟುಗಂಟು, ಕೆಳಗಡೆ ಸ್ವಲ್ಪ ಜಿಡ್ಡು. ಸ್ಕ್ರೂ ಡ್ರೈವರ್ ತಾಗಿಸಿದರೆ ಚೂರು ಚೂರಾಗಿ ಉದುರುತ್ತಿತ್ತು. ಒಂದು ವಾಲ್ವ್ ಪೂರ್ತಿ ಕೂರದೆ ಇದ್ದದ್ದಕ್ಕೆ ಬೆಳಗಿನ ನಡುಕ.

ಆಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಹೊಡೆದು ಸ್ವಚ್ಛ ಮಾಡುವುದು ಸರಿಯಾದ ವಿಧಾನ. ಇಲ್ಲಿ ಆ ವ್ಯವಸ್ಥೆ ಸಿಗಲಿಲ್ಲ. ಮರಳು ಹೊಡೆಯೋಣ ಅಂತ ಒಬ್ಬರು ಸಲಹೆ ಕೊಟ್ಟರು, ದಯವಿಟ್ಟು ಬೇಡ, ಒಂದು ಹರಳು ಒಳಗೆ ಹೋದರೂ ಸಿಲಿಂಡರ್ ಗೋಡೆ ಗೀರುತ್ತದೆ. ನಾವು ಮಾಡಿದ್ದು ಕಾರ್ಬ್ ಕ್ಲೀನರ್, ನೈಲಾನ್ ಬ್ರಷ್, ಚೂಪು ಮಾಡಿದ ಬಿದಿರು ಕಡ್ಡಿ. ಯಾವ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿವೆಯೋ ಅದನ್ನು ಮಾತ್ರ ಹಿಡಿಯಬೇಕು, ಉಳಿದ ಕಿಂಡಿಗಳಿಗೆ ಬಟ್ಟೆ ತುರುಕಬೇಕು. ಕ್ಲೀನರ್ ಸುರಿದು ನೆನೆಯಲು ಬಿಡುವುದು, ಕೆರೆಯುವುದು, ವ್ಯಾಕ್ಯೂಮ್‌ನಲ್ಲಿ ಎಳೆಯುವುದು, ಮತ್ತೆ ಸುರಿಯುವುದು. ಎಂಟು ವಾಲ್ವ್‌ಗೆ ಎರಡು ದಿನ ಹಿಡಿಯಿತು. ಆತುರ ಇದ್ದವರು ಇದಕ್ಕೆ ಕೈ ಹಾಕಬೇಡಿ.

ಮ್ಯಾನಿಫೋಲ್ಡ್ ಹೊರಗಿದ್ದಾಗಲೇ ಅದರ ಕೆಳಗೆ ವಾಟರ್ ಪಂಪ್ ಕಾಣುತ್ತದೆ. ಪ್ಲಾಸ್ಟಿಕ್ ಹೌಸಿಂಗ್, ಥರ್ಮೋಸ್ಟಾಟ್ ಅದರಲ್ಲೇ. ನಮ್ಮದರ ಅಡಿಯಲ್ಲಿ ಗುಲಾಬಿ ಬಣ್ಣದ ಉಪ್ಪು ಕಟ್ಟಿತ್ತು, ಅಂದರೆ ಕೂಲೆಂಟ್ ಸಣ್ಣಗೆ ಒಸರಿ ಒಣಗಿದ್ದು. ಅದನ್ನು ಓಡಿಸುವ ಸಣ್ಣ ಬೆಲ್ಟಿನ ಸಮೇತ ಬದಲಾಯಿಸಿದೆವು, 13,500. ಆ ಬೆಲ್ಟಿನ ಪುಲ್ಲಿ ಬೋಲ್ಟ್ ಕೂಡ ಉಲ್ಟಾ ಥ್ರೆಡ್. ಹಾಗೇ ಮ್ಯಾನಿಫೋಲ್ಡ್ ಜೊತೆ ಕಿತ್ತುಬಂದ ಇಂಜೆಕ್ಟರ್‌ಗಳಿಗೆ ಹೊಸ ಸೀಲ್. ಈ ಮೂರು ಕೆಲಸ ಬೇರೆ ಬೇರೆ ಮಾಡಿಸಿದರೆ ಮೂರು ಸಲ ಮಜೂರಿ. ಮ್ಯಾನಿಫೋಲ್ಡ್ ಒಂದು ಸಲ ಇಳಿಯಿತು ಅಂದರೆ ಎಲ್ಲ ಮುಗಿಸಿಬಿಡಿ.

ಕೋಡ್ ಮತ್ತೆ ಬಂದಿಲ್ಲ.

ಹಂತ 6: ಟೈರು, ಬ್ರೇಕು

ಟೈರಿನ ಗೋಡೆಯ ಮೇಲೆ ಕೊನೆಯ ನಾಲ್ಕು ಅಂಕಿ ಓದಿ. 2317 ಅಂತ ಇದ್ದರೆ 2017ರ 23ನೇ ವಾರ. ನನ್ನದರಲ್ಲಿ ಹಿಂದಿನ ಎರಡು ಟೈರಿಗೆ ಗ್ರಿಪ್ ಚೆನ್ನಾಗಿತ್ತು, ವಯಸ್ಸು ಮಾತ್ರ ಏಳು ದಾಟಿತ್ತು, ಬಗ್ಗಿಸಿ ನೋಡಿದರೆ ಸಂದಿಯಲ್ಲಿ ಕೂದಲೆಳೆಯ ಬಿರುಕು. ನಾಲ್ಕೂ ಹೊಸದು. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು, ಡಾಟ್ 4 ಹಾಕಿ ಪೂರ್ತಿ ಬ್ಲೀಡ್. ಚಕ್ರದ ಬೋಲ್ಟ್ 120 ಎನ್‌ಎಂ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಾಕಲು ಬಿಡಬೇಡಿ, ಕೈಯಲ್ಲೇ ಬಿಗಿ ಮಾಡಿಸಿ. 160 ಪಿಎಸ್ ಕಾರಿಗೆ ಮೊದಲ ಅಪ್‌ಗ್ರೇಡ್ ಅಂದರೆ ಇದೇ.

ಹಂತ 7: ಓಡಿಸಿ ನೋಡಿದ್ದು

ಹೈವೇ 48ರಲ್ಲಿ ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ಕಡೆ, ಬೆಳಗ್ಗೆ ಬೇಗ, ಲ್ಯಾಪ್‌ಟಾಪ್ ಜೊತೆಗೆ ಸ್ನೇಹಿತರು ಪಕ್ಕದಲ್ಲಿ. ಮೂರನೇ ಗೇರಿನಲ್ಲಿ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕೇಳಿದಷ್ಟು ಬರುತ್ತಿದೆಯಾ ನೋಡಿದೆವು. ಸ್ವಲ್ಪ ಕಡಿಮೆ ಬರುತ್ತಿತ್ತು. ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡ ಇಳಿಸುವ ಡೈವರ್ಟರ್ ವಾಲ್ವ್ ಒಳಗಿನ ರಬ್ಬರ್ ಹರಿದಿತ್ತು, ಪಿಸ್ಟನ್ ಇರುವ ಹೊಸ ಮಾದರಿ ಹಾಕಿದ ಮೇಲೆ ಸರಿಹೋಯಿತು. ರೀಮ್ಯಾಪ್ ಇಲ್ಲದೆಯೇ ಇದು ಬೇರೆ ಕಾರು ಅನಿಸಿತು ಅಂದರೆ ನಂಬಿ. ಇಷ್ಟು ದಿನ ಓಡುತ್ತಿದ್ದದ್ದು ಸುಸ್ತಾದ ಎಂಜಿನ್.

ಆಯಿಲ್ 4.6 ಲೀಟರ್, ವಿಡಬ್ಲ್ಯೂ 502.00 ಅಂತ ಬರೆದಿರುವುದು, 5ಡಬ್ಲ್ಯೂ-40. ನಾನು 7,500 ಕಿ.ಮೀ.ಗೆ ಬದಲಾಯಿಸುತ್ತೇನೆ. ಪೆಟ್ರೋಲ್ ಹಾಕಿಸುವಾಗಲೆಲ್ಲ ಡಿಪ್‌ಸ್ಟಿಕ್ ನೋಡಿ ಡೈರಿಯಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಕುಡಿದರೆ ಕಂಪನಿ ಲೆಕ್ಕದಲ್ಲಿ ಸರಿಯೇ, ನನ್ನದು ಅದರಲ್ಲಿ ಅರ್ಧ ಕುಡಿಯುತ್ತಿದೆ. ಪೆಟ್ರೋಲ್ 95 ಆಕ್ಟೇನ್‌ಗಿಂತ ಕಡಿಮೆ ಬೇಡ. ಇದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬರುವ ಮೊದಲಿನ ಕಾರು, ಹಾಗಾಗಿ ಫ್ಯೂಯಲ್ ಪೈಪ್‌ಗಳನ್ನು ಪ್ರತಿ ಸರ್ವೀಸಿನಲ್ಲೂ ಕೈಯಿಂದ ಒತ್ತಿ ನೋಡುತ್ತೇವೆ. ಏರ್ ಫಿಲ್ಟರ್ ಪುಸ್ತಕದ ಲೆಕ್ಕಕ್ಕೆ ಬಿಡಬೇಡಿ. ಇಲ್ಲಿ ಎರೆಮಣ್ಣಿನ ಧೂಳು, ಮಂಡಕ್ಕಿ ಭಟ್ಟಿ ಕಡೆ ಹೊಟ್ಟಿನ ಬೂದಿ. ಅರ್ಧ ಅವಧಿಗೇ ತುಂಬಿಹೋಗುತ್ತದೆ.

ಒಟ್ಟು ಖರ್ಚು ಟೈರು ಸೇರಿ 1.35 ಲಕ್ಷ ದಾಟಿದೆ. ಬಾಕಿ ಇರುವುದು ಕ್ಲಚ್. ನ್ಯೂಟ್ರಲ್‌ನಲ್ಲಿ ಆಫ್ ಮಾಡಿದಾಗ ಗೇರ್‌ಬಾಕ್ಸ್ ಕಡೆಯಿಂದ ಟಕ್ ಅನ್ನುವ ಸದ್ದು, ಎಂಜಿನ್ ಮತ್ತು ಕ್ಲಚ್ ನಡುವೆ ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಸವೆದಿರಬಹುದು. ಕಿಟ್‌ಗೆ ಬೆಂಗಳೂರಿನಲ್ಲಿ 48 ಸಾವಿರ ಹೇಳಿದ್ದಾರೆ, ಪುಣೆಯಲ್ಲೂ ವಿಚಾರಿಸುತ್ತಿದ್ದೇನೆ. ಭಾಯ್ ಮಳೆಗಾಲ ಮುಗಿದ ಮೇಲೆ ಗೇರ್‌ಬಾಕ್ಸ್ ಇಳಿಸೋಣ ಅಂದಿದ್ದಾರೆ. ಅಲ್ಲಿಯವರೆಗೆ ಕಡಿಮೆ ಆರ್‌ಪಿಎಂನಲ್ಲಿ ಹೈ ಗೇರ್ ಹಾಕಿ ಎಳೆಸುತ್ತಿಲ್ಲ. ಈ ಕಾರಿಗೆ ಇಲ್ಲೇ ಫ್ಲೈವೀಲ್ ಕೆಲಸ ಮಾಡಿಸಿದವರು ಇದ್ದರೆ ಯಾವ ಕಂಪನಿಯ ಕಿಟ್ ಹಾಕಿಸಿದಿರಿ, ಎಷ್ಟು ಓಡಿದೆ ಅಂತ ತಿಳಿಸಿ.